ಪಾವಗಡಕ್ಕೂ ಒಂದು ಪಿಎಚ್‌.ಡಿ. ಬೇಕು
ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಒಟ್ಟಾಗಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಉಳಿದ ದಿನಗಳಲ್ಲಿ ಇಲ್ಲಿನ ಜನಕ್ಕೆ ಸುದ್ದಿ ಹೇಗೆ ತಲುಪುತ್ತದೆ, ಇವರ ಮಾತು ಯಾರಿಗೆ ಮುಟ್ಟುತ್ತದೆ? ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲಿ ಪಿಎಚ್‌.ಡಿ. ಮಾಡಹೊರಟವರು ಈ ಪ್ರಶ್ನೆ ಹಿಡಿದು ಬರಬೇಕೆಂಬುದು ನನ್ನ ಆಸೆ. ಈ ವಿಷಯದ ಕಲಿಕೆ ನಮ್ಮಲ್ಲಿ ಹೊಸದಲ್ಲ: ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರುಮಾಡಿದರು. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾಲಯ ಬಂತು. ಇನ್ನು ಸಂಶೋಧನೆಗೆ ಹತ್ತಿರದಲ್ಲೇ ಇರುವ ವಸ್ತುವನ್ನು ನೋಡಿ: ಬಹುಪಾಲು ಆಂಧ್ರದ ಗಡಿಯಿಂದ ಸುತ್ತುವರಿದ ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅದೇ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿತು. ಜಮೀನು ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು. ಆ ಕರಾರಿನ ಷರತ್ತು ರೈತನಿಗೆ ಯಾವ ಭಾಷೆಯಲ್ಲಿ, ಯಾರ ಬಾಯಿಂದ ತಿಳಿಯಿತು? ಪತ್ರಿಕೆಯಿಂದಲೋ, ಪಂಚಾಯಿತಿ ಸಭೆಯಲ್ಲೋ, ಮಧ್ಯವರ್ತಿಯಿಂದಲೋ? ಜಮೀನೇ ಇಲ್ಲದ ಕೂಲಿಯವರಿಗೆ ಯಾರಾದರೂ ಹೇಳಿದರೇ? ಇದು ಗ್ರಂಥಾಲಯದಲ್ಲಿ ಕೂತು ಉತ್ತರಿಸುವ ಪ್ರಶ್ನೆಯಲ್ಲ. ಯುಜಿಸಿಯ 2022ರ ನಿಯಮ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಕೊಡುತ್ತದೆ. ಅದರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲವನ್ನಾದರೂ ತಿರುಮಣಿಯಲ್ಲಿ ಕಳೆಯಬೇಕು, ಮಹಾಪ್ರಬಂಧವನ್ನು ಕನ್ನಡದಲ್ಲೇ ಬರೆಯಬೇಕು, ಮುಗಿದ ಮೇಲೆ ಅದರ ಒಂದು ಪ್ರತಿ ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಬೇಕು.