ಠಾಣೆಯಲ್ಲಿ ಸತ್ತವರ ಲೆಕ್ಕ ಬರೆಯುವವರು ಯಾರು?

ಲಾಕಪ್ ಡೆತ್ ಎಂದ ಕೂಡಲೇ ನಿಮಗೆ 1994ರ ದೇವರಾಜ್ ಸಿನಿಮಾ ನೆನಪಾದರೆ ತಪ್ಪಿಲ್ಲ. ತೆರೆಯ ಮೇಲೆ ಸತ್ತವನು ಯಾರು, ಕೊಂದವನು ಯಾರು ಎಂಬುದು ಗಾಂಧಿ ಕ್ಲಾಸಿನವನಿಗೂ ಗೊತ್ತಾಗುತ್ತದೆ. ನಿಜವಾದ ಠಾಣೆಯಲ್ಲಿ ಸತ್ತವರು ಎಷ್ಟು ಜನ ಎಂಬುದಕ್ಕೇ ಸರ್ಕಾರದ ಬಳಿ ಎರಡು ಉತ್ತರ!

ನೀವೇ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಾದ್ಯಂತ ಪೊಲೀಸ್ ವಶದಲ್ಲಿ ಸತ್ತವರು 88. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಲೆಕ್ಕದಲ್ಲಿ 2021-22ಕ್ಕೆ 175. ಒಂದು ಕ್ಯಾಲೆಂಡರ್ ವರ್ಷ, ಇನ್ನೊಂದು ಹಣಕಾಸು ವರ್ಷ, ಒಪ್ಪೋಣ. ಮೂರು ತಿಂಗಳು ಆಚೀಚೆಯಾದರೆ ಹೆಣಗಳು ಇಮ್ಮಡಿಯಾಗುತ್ತವೆಯೇ ಸ್ವಾಮಿ?

ಬ್ಯೂರೋಗೆ ಅಂಕಿ ಕೊಡುವವರು ರಾಜ್ಯಗಳ ಪೊಲೀಸರೇ. ಆಯೋಗಕ್ಕೆ ಜಿಲ್ಲಾಧಿಕಾರಿ, ಎಸ್ಪಿಗಳು 24 ಗಂಟೆಯೊಳಗೆ ತಿಳಿಸಬೇಕು. 1993ರ ಡಿಸೆಂಬರ್‌ನಿಂದ ಇರುವ ಸೂಚನೆ ಇದು. ಎರಡಕ್ಕೂ ಮೂಲ ಠಾಣೆಯ ಪುಸ್ತಕ. ಅಲ್ಲಿ ಬರೆಯದ ಸಾವು ಎಲ್ಲಿಯೂ ಇಲ್ಲ. ಬರೆದರೂ ಆತ್ಮಹತ್ಯೆ, ಕಾಯಿಲೆಗಳದ್ದೇ ದೊಡ್ಡ ಪಾಲು. ಠಾಣೆಯ ಬಾಗಿಲು ದಾಟಿದವರಿಗೆಲ್ಲ ಅದೆಂಥ ಎದೆನೋವು ಬರುತ್ತದೋ!

ನಮ್ಮ ಚನ್ನಗಿರಿಯನ್ನೇ ತೆಗೆದುಕೊಳ್ಳಿ. 2024ರ ಮೇ ತಿಂಗಳಲ್ಲಿ ಜೂಜಿನ ಆರೋಪದ ಮೇಲೆ ಕರೆತಂದ ಯುವಕ ಸತ್ತ. ಜನ ಠಾಣೆಗೆ ಕಲ್ಲು ತೂರಿದರು. ಇದು ಲಾಕಪ್ ಡೆತ್ ಅಲ್ಲ ಎಂದರು ಮುಖ್ಯಮಂತ್ರಿಗಳು. ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪು ಎಂದೂ ಅವರೇ ಹೇಳಿದರು. ಡಿವೈಎಸ್ಪಿ, ಇನ್ಸ್‌ಪೆಕ್ಟರ್ ಅಮಾನತಾದರು. ಸಾವಿನ ಕಾರಣದ ಬಗ್ಗೆ ನಾನು ತೀರ್ಪು ಕೊಡಲು ಹೊರಟಿಲ್ಲ. ಆದರೆ ಕರೆತಂದದ್ದೇ ದಾಖಲಾಗದಿದ್ದರೆ ಸತ್ತಾಗ ಅವನು ಯಾರ ವಶದಲ್ಲಿದ್ದ? ಜಗಳ ಶುರುವಾಗುವುದೇ ಇಲ್ಲಿಂದ.

ಅದಕ್ಕೇ ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಬಂಧನದ ಮೆಮೊ ಕಡ್ಡಾಯ ಮಾಡಿತು. ದಿನಾಂಕ, ಹೊತ್ತು, ಸಾಕ್ಷಿಯ ಸಹಿ. ಮನೆಯವರಿಗೆ ಸುದ್ದಿ. ವಶದಲ್ಲಿರುವವನಿಗೆ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ. ಈ ತೀರ್ಪು ಹುಟ್ಟಿದ್ದು ಹೇಗೆ ಗೊತ್ತೇ? ಲಾಕಪ್ ಸಾವುಗಳ ಪತ್ರಿಕಾ ಸುದ್ದಿಗಳನ್ನು ತೋರಿಸಿ 1986ರಲ್ಲಿ ಬಂಗಾಳದ ಬಸು ಮುಖ್ಯ ನ್ಯಾಯಮೂರ್ತಿಗೆ ಬರೆದ ಒಂದು ಪತ್ರದಿಂದ. ಇಂದು ನಿಮ್ಮ ಜೇಬಿನಲ್ಲಿ ಕ್ಯಾಮೆರಾ ಇರುವ ಮೊಬೈಲೇ ಇದೆ. ಆದರೂ ನಿಮ್ಮ ಬೀದಿಯ ಹುಡುಗನನ್ನು ರಾತ್ರಿ ಜೀಪಿಗೆ ಹತ್ತಿಸಿದಾಗ ಹೊತ್ತು ಎಷ್ಟೆಂದು ಯಾರೂ ಬರೆದಿಡುವುದಿಲ್ಲ.

ಬರೆದಿಡಿ. ಜೀಪಿನ ನಂಬರು, ಠಾಣೆಯ ಹೆಸರು, ಎದೆಯ ಮೇಲಿನ ಹೆಸರಿನ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಮೆಮೊ ಕೇಳಿ. 2001ರಿಂದ 2020ರವರೆಗೆ ಬ್ಯೂರೋ ಒಪ್ಪಿಕೊಂಡ ಸಾವುಗಳೇ 1,888. ಶಿಕ್ಷೆಯಾದ ಪೊಲೀಸರು ಬರೀ 26. ಗೋಡೆಯೊಳಗಿನ ಸಾವಿಗೆ ಸಾಕ್ಷಿ ಸಿಗುವುದು ಅಷ್ಟು ಕಷ್ಟ.

ಸಾವೇ ಆಗಿಹೋದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕೇಳುವುದು ಉಪಕಾರ ಬೇಡಿದಂತಲ್ಲ. ಹಿಂದೆ ಸಿಆರ್‌ಪಿಸಿ 176ರಲ್ಲಿದ್ದ ಆ ನಿಯಮ 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 196ರಲ್ಲಿದೆ. ಮರಣೋತ್ತರ ಪರೀಕ್ಷೆಯ ವಿಡಿಯೊ ಕೇಳಿ. ವರದಿ ಇಂಗ್ಲಿಷಿನಲ್ಲಿದ್ದರೆ, ಸಾಮಾನ್ಯವಾಗಿ ಇರುತ್ತದೆ, ಸತ್ತವನ ತಾಯಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ. ಮೈಮೇಲಿನ ಗಾಯ ಎಷ್ಟೆಂದು ಆಕೆಗೆ ಗೊತ್ತಾಗಲಿ.

ಇನ್ನು ಸಿಸಿಟಿವಿ. ಪ್ರತಿ ಠಾಣೆಯಲ್ಲೂ ಇರಬೇಕು, ದೃಶ್ಯ 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವ ಮುನ್ನ, ಅದೇ ದಿನ, ದೃಶ್ಯ ಅಳಿಸಬೇಡಿ ಎಂದು ಎಸ್ಪಿಗೋ ಪೊಲೀಸ್ ಕಮಿಷನರಿಗೋ ಲಿಖಿತ ಅರ್ಜಿ ಕೊಡಿ. ಪ್ರತಿಯ ಮೇಲೆ ಕಚೇರಿಯ ಸೀಲು, ಹೊತ್ತು ಎರಡನ್ನೂ ಹಾಕಿಸಿಕೊಂಡೇ ಹೊರಗೆ ಬನ್ನಿ.