ಬಾಯಿಹುಣ್ಣೆಲ್ಲವೂ ಉಷ್ಣದ ಹುಣ್ಣಲ್ಲ

ಬಾಯಲ್ಲಿ ಹುಣ್ಣಾದರೆ ಮೈಯಲ್ಲಿ ಉಷ್ಣ ಹೆಚ್ಚಿತೆಂದು ಎಳನೀರು ಕುಡಿದು, ಔಷಧದಂಗಡಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ನುಂಗುವುದು ನಮ್ಮ ಮನೆಗಳ ರೂಢಿ. ಸಾಮಾನ್ಯ ಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುವುದರಿಂದ ಇದರಿಂದ ಹಾನಿಯೇನಿಲ್ಲ. ಆದರೆ ಮೂರು ವಾರ ಕಳೆದರೂ ಮಾಯದ, ಒಂದು ಆರುವಷ್ಟರಲ್ಲಿ ಮತ್ತೆರಡು ಏಳುವ ಹುಣ್ಣಿಗೂ ಅದೇ ಉಪಚಾರವನ್ನು ತಿಂಗಳುಗಟ್ಟಲೆ ಮುಂದುವರಿಸುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ. ಅಂಥ ಹುಣ್ಣುಗಳ ಹಿಂದೆ ಅಪರೂಪಕ್ಕೆ ಪೆಂಫಿಗಸ್ ವಲ್ಗ್ಯಾರಿಸ್ ಎಂಬ ವ್ಯಾಧಿ ಅಡಗಿರುತ್ತದೆ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯು ದೇಹದ ಮೇಲೆಯೇ ತಿರುಗಿಬೀಳುವುದು ಈ ವ್ಯಾಧಿಯ ಮೂಲ. ಬಾಯಿಯ ಒಳಪೊರೆಯ ಜೀವಕೋಶಗಳನ್ನು, ಗಾರೆಯು ಇಟ್ಟಿಗೆಗಳನ್ನು ಹಿಡಿದಂತೆ, ಡೆಸ್ಮೊಗ್ಲೀನ್ ಎಂಬ ಪ್ರೋಟೀನು ಹಿಡಿದಿಟ್ಟಿರುತ್ತದೆ. ಪ್ರತಿಕಾಯಗಳು ಅದನ್ನು ಕೆಡಿಸಿದಾಗ ಜೀವಕೋಶಗಳು ಬಿಟ್ಟುಕೊಂಡು ಗುಳ್ಳೆಗಳೇಳುತ್ತವೆ. ಬಾಯಿಯ ಗುಳ್ಳೆ ಬಹುಬೇಗ ಒಡೆಯುವುದರಿಂದ ರೋಗಿಗೆ ಕಾಣುವುದು ಗುಳ್ಳೆಯಲ್ಲ, ಸುಲಿದಂಥ ಕೆಂಪು ಹುಣ್ಣು ಮಾತ್ರ. ಗುರುತು ತಪ್ಪುವುದು ಇಲ್ಲಿಯೇ. ಅನೇಕರಲ್ಲಿ ಮೈಮೇಲೆ ಗುಳ್ಳೆ ಏಳುವುದು ತಿಂಗಳುಗಳ ತರುವಾಯ. ಹುಣ್ಣಿನ ಅಂಚಿನ ಚೂರನ್ನು ತೆಗೆದು ಬಯಾಪ್ಸಿ, ಇಮ್ಯುನೊಫ್ಲೋರೊಸೆನ್ಸ್ ಪರೀಕ್ಷೆಗಳನ್ನು ಮಾಡಿದರೆ ವ್ಯಾಧಿ ಖಚಿತವಾಗುತ್ತದೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರೆಂದೇ ಬಗೆದು ಆಸ್ಪತ್ರೆಯಿಂದ ಎದ್ದುಬರುವವರುಂಟು. ಆ ಭಯ ಸಲ್ಲದು.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮುನ್ನ ಈ ವ್ಯಾಧಿಗೆ ತುತ್ತಾದವರಲ್ಲಿ ಹೆಚ್ಚಿನವರು ಬದುಕುಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರಿಚಾ ಅವರು ಡೆಕ್ಸಾಮೆಥಾಸೋನ್, ಸೈಕ್ಲೊಫಾಸ್ಫಮೈಡ್ ಔಷಧಗಳನ್ನು 28 ದಿನಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡುವ ಕ್ರಮವನ್ನು ರೂಢಿಗೆ ತಂದರು. ಇದು ನಮ್ಮ ದೇಶದ ವೈದ್ಯರೇ ಕಂಡುಕೊಂಡ ದಾರಿಯೆಂಬುದು ಅಭಿಮಾನದ ಸಂಗತಿ. ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಿಗೆ ಬಳಸುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ನಿಗೆ 2018ರಲ್ಲಿ ಅಮೆರಿಕವು ಈ ವ್ಯಾಧಿಗೂ ಒಪ್ಪಿಗೆ ನೀಡಿತು. ನಮ್ಮಲ್ಲಿಯೂ ಅದು ದೊರೆಯುತ್ತದೆ.

ಔಷಧವಿದ್ದೂ ಕೆಡುವವರ ಬಗ್ಗೆಯೇ ನಮ್ಮ ಚಿಂತೆ. ಹುಣ್ಣು ಮಾಯ್ದೊಡನೆ, 'ಸ್ಟೀರಾಯ್ಡ್ ವಿಷ' ಎಂಬ ನೆರೆಹೊರೆಯವರ ಮಾತು ಕೇಳಿ ಮಾತ್ರೆ ಬಿಟ್ಟುಬಿಡುತ್ತಾರೆ. ಸ್ಟೀರಾಯ್ಡಿನಿಂದ ಸಕ್ಕರೆ ಅಂಶ ಏರುವುದು, ಮೂಳೆ ಸವೆಯುವುದು, ಸೋಂಕು ತಗಲುವುದು ನಿಜವೇ. ಅದಕ್ಕೆಂದೇ ವೈದ್ಯರು ಆಗಾಗ ರಕ್ತ ಪರೀಕ್ಷಿಸಿ, ಕ್ಯಾಲ್ಸಿಯಂ ಕೊಟ್ಟು, ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಬಹುದಿನ ನುಂಗಿದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ವ್ಯಾಧಿ ಮರುಕಳಿಸುವುದಷ್ಟೇ ಅಲ್ಲ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಇದು ಅಂಟುವ ವ್ಯಾಧಿಯಲ್ಲ. ದಾಸೋಹದ ಪಂಕ್ತಿಯಲ್ಲಿ ಇಂಥವರ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಲು ಯಾರೂ ಅಳುಕಬೇಕಿಲ್ಲ. ಬಡಿಸುವವರು ಮಾತ್ರ ಖಡಕ್ ರೊಟ್ಟಿ, ಖಾರದ ಚಟ್ನಿಗೆ ಬದಲಾಗಿ ಹಾಲು ಕಲಸಿದ ಮೆತ್ತನೆಯ ಅನ್ನವನ್ನೋ ಆರಿದ ಗಂಜಿಯನ್ನೋ ನೀಡಲಿ.