ಅಭಿಮಾನಿ ಕಾಪಾಡಿದ್ದು

ಮೈಸೂರಿನಿಂದ ನಂಜನಗೂಡಿನ ದಾರಿ ಹಿಡಿದು, ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ಕಡಕೊಳ. ಸಣ್ಣ ರೈಲು ನಿಲ್ದಾಣ, ಕೈಗಾರಿಕಾ ಪ್ರದೇಶ, ಸಾಲುಗಟ್ಟಿದ ಲಾರಿಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗರು. ಅವರಲ್ಲೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಹಾಡು ಕೇಳುತ್ತಾನೆ, ರಾತ್ರಿ ಊಟ ಮುಗಿಸಿ ನೂರು ವರ್ಷ ಹಳೆಯ ಮೂಕಿ ದೆವ್ವದ ಸಿನಿಮಾ ನೋಡುತ್ತಾನೆ ಎಂದುಕೊಳ್ಳೋಣ. ಮನೆಯವರು ಕೇಳುವುದು ಒಂದೇ: ‘ಇದೆಲ್ಲಾ ನಮಗ್ಯಾಕಪ್ಪಾ?’ ಪ್ರೀತಿಯಿಂದಲೇ ಹುಟ್ಟಿದ ಈ ಪ್ರಶ್ನೆಯೊಳಗೆ ಎರಡು ಆಕ್ಷೇಪಗಳಿವೆ. ಇದು ನಮ್ಮದಲ್ಲ ಎಂಬುದು ಒಂದು, ಇದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಹುಡುಕಲು ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. ಅಲ್ಲಿನ ತಗಡು ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಹದಿನೇಳರ ಹುಡುಗ ಟೋನಿ ಐಯೋಮಿಯ ಬಲಗೈಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕು ತುಂಡಾದವು. ಅವನು ಎಡಚ, ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಬೆರಳುಗಳಿಂದ. ಇನ್ನು ಗಿಟಾರು ಮುಗಿಯಿತು ಎಂದು ಕುಗ್ಗಿಹೋಗಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟು, ಎರಡು ಬೆರಳು ಸೆಟೆದುಕೊಂಡ ಮೇಲೂ ನುಡಿಸಿದ ಕಲಾವಿದ ಆತ. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ನೋವು ಕಡಿಮೆಯಾಗಲೆಂದು ಶ್ರುತಿಯನ್ನೇ ಇಳಿಸಿದ. 1970ರ ಫೆಬ್ರುವರಿ 13ರಂದು ಹೊರಬಂದ, ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನ ಭಾರವಾದ, ಗಡಸು ನಾದದ ಹಿಂದೆ ಈ ಗಾಯವಿದೆ. ತಂಡದ ಹೆಸರು ಬಂದದ್ದು ಮಾರಿಯೊ ಬಾವಾ ನಿರ್ದೇಶಿಸಿ ಬೋರಿಸ್ ಕಾರ್ಲಾಫ್ ನಟಿಸಿದ್ದ 1963ರ ದೆವ್ವದ ಚಿತ್ರದಿಂದ. ದುಡ್ಡು ಕೊಟ್ಟು ಹೆದರಿಕೊಳ್ಳಲು ಜನ ಹೋಗುವುದಾದರೆ ಹೆದರಿಸುವ ಸಂಗೀತವನ್ನೂ ಕೇಳಬಹುದಲ್ಲ ಎಂಬುದು ಆ ಹುಡುಗರ ತರ್ಕ. ಹಾರ್ಡ್ ರಾಕ್ ಮತ್ತು ಹಾರರ್ ಸಿನಿಮಾದ ನಂಟು ಅಲ್ಲಿಂದ ಬಿಗಿಯಾಯಿತು. ಕಾರ್ಖಾನೆಯ ಸದ್ದಿನಲ್ಲಿ ಬೆಳೆದವರು ಕಟ್ಟಿದ ಈ ಸಂಗೀತ ಕಡಕೊಳದ ಪಾಳಿ ಕೆಲಸಗಾರನಿಗೆ ಪರಕೀಯ ಎನ್ನಲು ಕಾರಣವೇ ಕಾಣುವುದಿಲ್ಲ.

ಭಯವಂತೂ ನಮಗೆ ಹೊಸದಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ಚಾಮುಂಡಿ ಬೆಟ್ಟದ ಮೇಲೆ ನಿಂತಿರುವ ಮಹಿಷಾಸುರನನ್ನು ನೋಡುತ್ತಲೇ ಮೈಸೂರಿನ ಮಕ್ಕಳು ಬೆಳೆಯುತ್ತಾರೆ. 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ ನೋಡಿ ನಿದ್ದೆಗೆಟ್ಟವರು ಕನ್ನಡದ ಎಷ್ಟು ಮನೆಗಳಲ್ಲಿ ಇಲ್ಲ? ಅದಕ್ಕೆ ಸಂಗೀತ ಕೊಟ್ಟ ರಾಜನ್–ನಾಗೇಂದ್ರ ಮೈಸೂರಿನ ಸಹೋದರರು. ಅದೇ ಕಥೆ 1981ರಲ್ಲಿ ‘ಮಂಗಲಸೂತ್ರ’ವಾಗಿ ಹಿಂದಿಗೂ ಹೋಯಿತು. ಹೆದರಿಕೆಯ ಕಥೆಗಳಿಗೆ ಗಡಿ ದಾಟುವ ಕಾಲು ಎರಡೂ ಕಡೆಗೆ ಇದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಇದರಿಂದ ಉಪಯೋಗವೇನು?

ಉತ್ತರಕ್ಕೆ ‘ನೊಸ್ಫೆರಾಟು’ವಿನ ಕಥೆ ಕೇಳಬೇಕು. ಎಫ್. ಡಬ್ಲ್ಯು. ಮುರ್ನೌ 1922ರಲ್ಲಿ ಮಾಡಿದ ಈ ಜರ್ಮನ್ ಚಿತ್ರ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿತ್ತು. ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ಆದೇಶವಾಯಿತು. ನ್ಯಾಯ ಆಕೆಯ ಪರವಾಗಿಯೇ ಇತ್ತು. ಆದರೂ ಇಂದು ಆ ಚಿತ್ರ ನೋಡಲು ಸಿಗುವುದು, ಬೇರೆ ಬೇರೆ ದೇಶಗಳಿಗೆ ಆಗಲೇ ಹೋಗಿದ್ದ ಪ್ರತಿಗಳು ಉಳಿದದ್ದರಿಂದ, ಅವನ್ನು ಬಿಸಾಡಲು ಒಪ್ಪದವರಿಂದ.

ಇಂಥ ಹಟದ ದೊಡ್ಡ ಉದಾಹರಣೆಯೊಂದು ಮೈಸೂರಿನಲ್ಲೇ ಇದೆ, ರಾಕ್ ಹುಟ್ಟುವುದಕ್ಕೂ ಮುಂಚಿನದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಬಹುತೇಕ ಮರೆತುಹೋಗಿದ್ದ ಕಾಲದಲ್ಲಿ ಅವನ ಸಂಗೀತವನ್ನು ಹುಚ್ಚು ಹಿಡಿದವರಂತೆ ಪ್ರೀತಿಸಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯಲ್ಲಿ ಅವರು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಹಣ ಕೊಟ್ಟು, ಸ್ವತಃ ಮೆಟ್ನರನೇ ತನ್ನ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ನುಡಿಸಿ ರೆಕಾರ್ಡ್ ಆಗುವಂತೆ ಮಾಡಿದರು. ಕೃತಜ್ಞತೆಯಿಂದ ಅವನು ಮೂರನೆಯದನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಮಹಾರಾಜರ ಆಸೆ ಒಂದೆರಡು ವರ್ಷ ತಡವಾಗಿದ್ದರೆ ಆ ಕೈಗಳ ನುಡಿಸಾಣಿಕೆ ಜಗತ್ತಿಗೆ ಸಿಗುತ್ತಿರಲಿಲ್ಲ. ದೂರದ ಸಂಗೀತದ ಈ ಮೋಹ ಒಡೆಯರ್ ಅವರನ್ನು ತಮ್ಮ ಸಂಗೀತದಿಂದ ದೂರ ಮಾಡಿತೇ? ತೊಂಬತ್ತಕ್ಕೂ ಹೆಚ್ಚು ಕರ್ನಾಟಕ ಕೃತಿಗಳನ್ನು ‘ಶ್ರೀವಿದ್ಯಾ’ ಅಂಕಿತದಲ್ಲಿ ರಚಿಸಿದವರೂ ಅವರೇ.

ಅವರಿಗೆ ಅರಮನೆಯ ಬೊಕ್ಕಸವಿತ್ತು, ನಿಜ. ಬೆಂಗಳೂರಿನ ಮೆಟಲ್ ಹುಡುಗರಿಗೆ ಅದೂ ಇರಲಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿ, ಕೈಯಿಂದ ಕೈಗೆ ದಾಟಿಸಿ ಹೆವಿ ಮೆಟಲ್ ಕಲಿತ ಪೀಳಿಗೆಯದು. 1990ರ ದಶಕದ ಡೈಯಿಂಗ್ ಎಂಬ್ರೇಸ್, 1998ರಲ್ಲಿ ಶುರುವಾದ ಕ್ರಿಪ್ಟೋಸ್ ಇಂಥ ನೆಲದಿಂದ ಎದ್ದ ತಂಡಗಳು. ಜಿನ್ ಆ್ಯಂಡ್ ಮಿಸ್ಕಟಾನಿಕ್ ಎಂಬ ಇನ್ನೊಂದು ಬೆಂಗಳೂರು ತಂಡ ತನ್ನ ಹೆಸರಿನ ಅರ್ಧವನ್ನು ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್‌ನಿಂದ ತೆಗೆದುಕೊಂಡಿದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಸಾವಿರಾರು ಜನ ಒಂದೇ ದಿನದಲ್ಲಿ ಹುಟ್ಟಿದವರಲ್ಲ. ವರ್ಷಗಟ್ಟಲೆ ಕೊಠಡಿಗಳಲ್ಲಿ, ಕಾಲೇಜು ಉತ್ಸವಗಳಲ್ಲಿ ಈ ಸಂಗೀತವನ್ನು ಜೀವಂತ ಇಟ್ಟವರು. 2013ರಲ್ಲಿ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ಕೇಳುಗರಾಗಿದ್ದವರು ನುಡಿಸುವವರಾದರು.

ಅಪ್ಪ ಅಮ್ಮಂದಿರ ಅಂಜಿಕೆಗೆ ಆಧಾರವೇ ಇಲ್ಲ ಎನ್ನಲಾಗದು. 1990ರ ದಶಕದ ಮೊದಲ ವರ್ಷಗಳಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಬಳಗದ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟರು, ಕೊಲೆಯೂ ನಡೆಯಿತು. ಇದನ್ನು ಮುಚ್ಚಿಡುವ ಅಭಿಮಾನಿ ತನ್ನ ಕಲೆಗೇ ಅನ್ಯಾಯ ಮಾಡುತ್ತಾನೆ. ಆದರೆ ಅಪರಾಧ ಮಾಡಿದವರು ಬೆರಳೆಣಿಕೆಯವರು. ಕತ್ತಲನ್ನು ಹಾಡುವುದು, ತೆರೆಯ ಮೇಲೆ ತೋರಿಸುವುದು ಬೇರೆ. ಅದನ್ನು ಬೀದಿಗೆ ತರುವುದು ಬೇರೆ. ಅಸುರನ ವಧೆಯನ್ನು ಪ್ರತಿವರ್ಷ ದಸರೆಯಲ್ಲಿ ನೆನೆಯುವ ಊರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಉಪಯೋಗದ ಲೆಕ್ಕಕ್ಕೆ ಬಂದರೆ, ಅಭಿಮಾನಿಗಳಿಲ್ಲದೆ ಹೋದಾಗ ಏನಾಗುತ್ತದೆ ಎಂಬುದನ್ನು ಕನ್ನಡವೇ ಅನುಭವಿಸಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅದರಲ್ಲಿದ್ದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ನಾಶಮಾಡಿ ಎಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ಹಳೆಯ ರೀಲಿನ ಮೇಲೆ ಹಟ ಹಿಡಿದ ಪ್ರೀತಿ ಇಟ್ಟು, ಅದನ್ನು ಅಟ್ಟದ ಮೇಲಾದರೂ ಎತ್ತಿಡುವ ಒಬ್ಬರೂ ಸಿಗಲಿಲ್ಲ, ಅಷ್ಟೇ. ಕಡಕೊಳದ ಹುಡುಗ ಇಂದು ಹಳೆಯ ದೆವ್ವದ ಚಿತ್ರಗಳನ್ನು ಹುಡುಕಿ, ಹೆಸರು, ಇಸವಿ ಬರೆದು ಜೋಡಿಸಿಡುತ್ತಿದ್ದರೆ ಅವನು ಮಾಡುತ್ತಿರುವುದು 1934ರಲ್ಲಿ ಯಾರೂ ಮಾಡದೆ ಬಿಟ್ಟ ಕೆಲಸವನ್ನೇ. ಆ ಪಟ್ಟಿಯಲ್ಲಿ ಕನ್ನಡದ ಹಳೆಯ ಚಿತ್ರಗಳಿಗೂ ಅವನು ಜಾಗ ಕೊಡಲಿ, ಮನೆಯವರು ಅವನಿಗೊಂದು ಕಪಾಟು ಬಿಟ್ಟುಕೊಡಲಿ.